ಸುಳ್ಳು ಎಸ್ಟಿಮೇಟಿನ ಊರು

ಇಟಲಿಯ ಪಿಯೆಂಝಾ ಅಂದರೆ ಫೋಟೋ ಹುಚ್ಚಿನವರು ಸೈಪ್ರೆಸ್ ಮರಗಳ ಸಾಲು ಅಂತಾರೆ. ಬಾಯಿರುಚಿಯವರು ಪೆಕೊರಿನೊ ಅಂತಾರೆ (ಕುರಿಹಾಲಿನ ಚೀಸು, ಊರ ಬೀದಿಯೆಲ್ಲ ಅದೇ ವಾಸನೆ). ವಾಸ್ತುಶಿಲ್ಪ ಓದಿದವರು ಮಾತ್ರ ಗಂಟಲು ಸರಿಮಾಡಿಕೊಂಡು ‘ನವೋದಯ (ರೆನೆಸಾನ್ಸ್) ಕಾಲದ ಆದರ್ಶ ನಗರ’ ಅಂತ ಶುರು ಮಾಡ್ತಾರೆ. ಈ ಮೂರನೆಯವರ ಜೊತೆ ನನ್ನದೊಂದು ತಕರಾರಿದೆ.

ಟಸ್ಕನಿಯ ಗುಡ್ಡದ ಮೇಲಿನ ಈ ಊರಿಗೆ ಮೊದಲಿದ್ದ ಹೆಸರು ಕೊರ್ಸಿನ್ಯಾನೊ. ಸಿಯೆನಾದಲ್ಲಿ ಅಧಿಕಾರ ಕಳೆದುಕೊಂಡು ಇಲ್ಲಿಗೆ ಬಂದು ನೆಲೆಸಿದ್ದ ಪಿಕ್ಕೊಲೊಮಿನಿ ಮನೆತನದಲ್ಲಿ 1405ರಲ್ಲಿ ಎನಿಯಾ ಸಿಲ್ವಿಯೊ ಹುಟ್ಟಿದ. ಹೆಸರು ದೊಡ್ಡದು, ಕೈ ಖಾಲಿ, ಮನೆ ತುಂಬ ಮಕ್ಕಳು. ಹುಡುಗ ಊರು ಬಿಟ್ಟ, ಕವಿಯಾದ, ಶೃಂಗಾರದ ಕಥೆ ಬರೆದ, ಬಿಷಪ್ಪರ ಬಳಿ, ಚಕ್ರವರ್ತಿಯ ಆಸ್ಥಾನದಲ್ಲಿ ಕಾರ್ಯದರ್ಶಿಯಾಗಿ ದುಡಿದ. 1458ರಲ್ಲಿ ಪೋಪ್ ಎರಡನೇ ಪಯಸ್ ಆದ. ಮರುವರ್ಷ ಮಾಂಟುವಾಕ್ಕೆ ಹೋಗುವ ದಾರಿಯಲ್ಲಿ ಹುಟ್ಟೂರಿಗೆ ಬಂದ. ಆಗ ಕಂಡದ್ದನ್ನು ತನ್ನ ಲ್ಯಾಟಿನ್ ಆತ್ಮಕಥನದಲ್ಲಿ ತಾನೇ ಬರೆದಿಟ್ಟಿದ್ದಾನೆ: ಓರಗೆಯವರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು, ಉಳಿದವರು ಹಾಸಿಗೆ ಹಿಡಿದಿದ್ದರು, ಎದುರು ಬಂದ ಒಬ್ಬಿಬ್ಬರ ಗುರುತೇ ಸಿಗಲಿಲ್ಲ. ಅವನಿಗಿನ್ನೂ ಐವತ್ತಮೂರು.

ಈ ಊರು ಎದ್ದದ್ದು ಆ ಸಂಕಟದಿಂದ ಅಂತ ನಾನು ನಂಬಿದ್ದೇನೆ. ಯಾವ ಆದರ್ಶದ ನಕ್ಷೆಯೂ ಇಷ್ಟು ಅವಸರದಲ್ಲಿ ಕಟ್ಟಿಸುವುದಿಲ್ಲ. ಪೋಪ್ ಫ್ಲಾರೆನ್ಸ್ ಕಡೆಯ ವಾಸ್ತುಶಿಲ್ಪಿ ಬರ್ನಾರ್ಡೊ ರೊಸೆಲ್ಲಿನೊನನ್ನು ಕರೆಸಿ, ಒಂದು ಅರಮನೆ, ಒಂದು ಚರ್ಚು ಕಟ್ಟು ಅಂದ. ಮೂರೇ ವರ್ಷ. 1462ರ ಆಗಸ್ಟಿನಲ್ಲಿ ಚರ್ಚಿನ ಪ್ರತಿಷ್ಠೆಯೂ ಮುಗಿಯಿತು. ಕೊರ್ಸಿನ್ಯಾನೊ ಹೋಗಿ ಪಿಯೆಂಝಾ ಬಂತು, ಪಿಯೊ (ಪಯಸ್‌ನ ಇಟಾಲಿಯನ್ ರೂಪ) ಅನ್ನುವ ಅವನದೇ ಹೆಸರಿನಿಂದ.

ಈಗ ಲೆಕ್ಕದ ವಿಷಯ. ರೊಸೆಲ್ಲಿನೊ ಕೊಟ್ಟ ಎಸ್ಟಿಮೇಟು 18,000 ಡುಕಾಟ್ (ಆ ಕಾಲದ ಚಿನ್ನದ ನಾಣ್ಯ). ಖರ್ಚಾದದ್ದು 50,000ಕ್ಕೂ ಮೇಲೆ! ಸುತ್ತಲಿನವರು ಚಾಡಿ ಹೇಳಿದರು: ಕೆಲಸ ಕಳಪೆ, ಮೇಲಾಗಿ ಲೂಟಿ ಅಂತ. ಹಿಂದೆ ಪ್ರಾಚೀನ ಗ್ರೀಕರ ಎಫೆಸಸ್ ನಗರದಲ್ಲಿ ಅಂದಾಜಿಗಿಂತ ಕಾಲುಭಾಗಕ್ಕೂ ಹೆಚ್ಚು ಖರ್ಚಾದರೆ ಆ ಹಣವನ್ನು ಕಟ್ಟಿದವನ ಆಸ್ತಿಯಿಂದಲೇ ವಸೂಲಿ ಮಾಡುವ ಕಾನೂನಿತ್ತಂತೆ. ಪೋಪ್ ಎಲ್ಲ ಸುತ್ತಾಡಿ ನೋಡಿ ಮೇಸ್ತ್ರಿಯನ್ನು ಕರೆಸಿದ. ಆತ ನಡುಗುತ್ತಾ ಬಂದ. ಪೋಪ್ ಹೇಳಿದ್ದರ ಸಾರ ಇಷ್ಟು: ಸುಳ್ಳು ಹೇಳಿ ಒಳ್ಳೇದೇ ಮಾಡಿದೆ ಬರ್ನಾರ್ಡೊ, ನಿಜ ಹೇಳಿದ್ದರೆ ನಾನು ಕೈಯನ್ನೇ ಹಾಕ್ತಿರಲಿಲ್ಲ, ಇದ್ಯಾವುದೂ ಏಳ್ತಿರಲಿಲ್ಲ. ಬಾಕಿಯೆಲ್ಲ ಚುಕ್ತಾ ಮಾಡಿ, ಮೇಲೆ ನೂರು ಡುಕಾಟ್, ಒಂದು ಕೆಂಪು ನಿಲುವಂಗಿ ಕೊಡಿಸಿದ. ರೊಸೆಲ್ಲಿನೊ ಅತ್ತೇಬಿಟ್ಟ. ಮನೆ ಕಟ್ಟಿಸಿದ ಯಾರಿಗಾದರೂ ಈ ಕಥೆ ಹೇಳಿ ನೋಡಿ, ನಗುವುದಿಲ್ಲ.

ಚೌಕ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಅದರ ಅಂಚುಗಳೂ ಸಮಾನಾಂತರವಾಗಿಲ್ಲ. ಚರ್ಚಿನ ಕಡೆ ಅಗಲ, ಎದುರು ಬದಿ ಕಿರಿದು. ಪಕ್ಕದಲ್ಲಿ ರೊಸೆಲ್ಲಿನೊ ಮಾಡಿದ ಕಲ್ಲಿನ ಬಾವಿ. ಅರಮನೆಯ ಹಿಂದೆ ತೋಟ, ಅದರ ಕಡೆ ಮುಖ ಮಾಡಿದ ಮೂರು ಅಂತಸ್ತಿನ ಕಂಬಸಾಲು. ಅಲ್ಲಿ ನಿಂತರೆ ಓರ್ಚಾ ಕಣಿವೆ, ಆಚೆಗೆ ಅಮಿಯಾತಾ ಬೆಟ್ಟ. ನಾನು ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದೆ. ತಾನು ಹುಟ್ಟಿದ ಮನೆಯ ಜಾಗದಲ್ಲೇ ಕಟ್ಟಿಸಿದ ಈ ಅರಮನೆಯಲ್ಲಿ ಆ ಮನುಷ್ಯ ಎಷ್ಟು ಸಂಜೆ ಕಳೆದಿದ್ದಾನು?

ಚರ್ಚಿನ ಒಳಗೆ ಎತ್ತರದ ಕಿಟಕಿಗಳು, ಬೆಳಕೋ ಬೆಳಕು. ಗೋಡೆಗಳ ಬಿಳುಪು ಕೆಡಿಸಿದವರಿಗೆ, ಚಿತ್ರ ಬರೆದವರಿಗೆ, ಹೊಸ ಪೂಜಾಪೀಠ ಸೇರಿಸಿದವರಿಗೆ ಧರ್ಮಬಹಿಷ್ಕಾರ ಅಂತ ಪೋಪ್ ಆಜ್ಞೆ ಹೊರಡಿಸಿದ್ದ. ಜನ ಕೇಳಿದರು. ನೆಲ ಕೇಳಲಿಲ್ಲ. ಚರ್ಚಿನ ಹಿಂಭಾಗ ಇಳಿಜಾರಿನ ತುದಿಯಲ್ಲಿದೆ, ಶತಮಾನಗಳಿಂದ ಕುಸಿಯುತ್ತಲೇ ಇದೆ. ಬಾಗಿಲಿನಿಂದ ಪೀಠದ ಕಡೆ ನಡೆಯುವಾಗ ಕಾಲು ತಾನಾಗಿ ಮುಂದಕ್ಕೆ ಹೋಗುತ್ತದೆ. ಕಣ್ಣಿಗಿಂತ ಮೊದಲು ಮೊಣಕಾಲಿಗೆ ಗೊತ್ತಾಗುತ್ತದೆ. ಗೋಡೆಯಲ್ಲಿ ಬಿರುಕು. ಇದನ್ನೆಲ್ಲ ಬಿಟ್ಟು ‘ಆದರ್ಶ’ ಅಂದರೆ ಹೇಗೆ?

ಬಡವರನ್ನು ಪೂರ್ತಿ ಮರೆತನೆಂದೂ ಹೇಳುವಂತಿಲ್ಲ. ಕೋಟೆಗೋಡೆಯ ಹತ್ತಿರ ಅವರಿಗಾಗಿ ಕಟ್ಟಿಸಿದ ಹನ್ನೆರಡು ಮನೆಗಳ ಸಾಲಿದೆ. ಪ್ರವಾಸಿಗಳು ಅತ್ತ ಅಷ್ಟಾಗಿ ಹೋಗುವುದಿಲ್ಲ. ಊರ ಕೆಳಗಿನ ಹಳೇ ಚರ್ಚಿಗೂ ಅಷ್ಟೆ. ಪೋಪನ ನಾಮಕರಣವಾದದ್ದು ಅಲ್ಲೇ. ಬಾಗಿಲ ಮೇಲೆ ಎರಡು ಬಾಲದ ಮತ್ಸ್ಯಕನ್ಯೆ ಕೂತಿದ್ದಾಳೆ, ಒಳಗೆ ಮಬ್ಬುಗತ್ತಲೆ. ಮೇಲಿನ ಬೆಳಕಿನ ಚರ್ಚಿಗಿಂತ ನನಗೆ ಇದೇ ಹತ್ತಿರದ್ದೆನಿಸಿತು. ಜಗಳಕ್ಕೆ ಬರಬೇಡಿ.

1464ರ ಆಗಸ್ಟಿನಲ್ಲಿ, ತುರ್ಕರ ಮೇಲೆ ದಂಡೆತ್ತಲು ಹಡಗುಗಳಿಗಾಗಿ ಕಾಯುತ್ತಾ, ಅಂಕೋನಾ ಬಂದರಿನಲ್ಲಿ ಪಯಸ್ ತೀರಿಕೊಂಡ. ಅದೇ ವರ್ಷ ರೊಸೆಲ್ಲಿನೊನೂ ಹೋದ. ಕೆಲಸ ನಿಂತಿತು. 1996ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಹೀಗೆ ಅರ್ಧಕ್ಕೆ ನಿಂತ ಊರು.

ಚೌಕಕ್ಕೆ ಪೋಪನ ಹೆಸರಿದೆ. ಊರಿನ ಉದ್ದಕ್ಕೂ ಹಾಯುವ ಮುಖ್ಯಬೀದಿಗೆ, ಚೀಸಿನ ಅಂಗಡಿಗಳೆಲ್ಲ ಇರುವ ಬೀದಿಗೆ, ಸುಳ್ಳು ಎಸ್ಟಿಮೇಟು ಕೊಟ್ಟ ರೊಸೆಲ್ಲಿನೊ ಹೆಸರು.