ಫಂಕ್ಷನ್ನಿಗೆ ಟ್ರೈನಿಂಗು

"ಶನಿವಾರ, ಭಾನುವಾರ ಎರಡೂ ದಿನ ನಾನು ಮನೇಲಿರಲ್ಲ. ಫಂಕ್ಷನಲ್ ಟ್ರೈನಿಂಗ್ ಇದೆ" ಅಂದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದ ಹೆಂಡತಿ ತಲೆಯೆತ್ತದೆ, "ಫಂಕ್ಷನ್ನಿಗೆ ಟ್ರೈನಿಂಗ್ ಬೇರೆ ಬೇಕಾ ನಿಮಗೆ? ಮೊದಲನೇ ಪಂಕ್ತಿಗೇ ಎಲೆ ಹಿಡಿಯೋದು ಚೆನ್ನಾಗೇ ಬರುತ್ತಲ್ಲ" ಅಂದಳು.

ಅವಳದೇನೂ ತಪ್ಪಿಲ್ಲ. ನಮ್ಮಲ್ಲಿ ಫಂಕ್ಷನ್ ಅಂದರೆ ಗೃಹಪ್ರವೇಶ, ನಾಮಕರಣ, ಆರತಕ್ಷತೆ. ಜಿಮ್ಮಿನವರ ನಿಘಂಟಿನಲ್ಲಿ ಮಾತ್ರ ಅದಕ್ಕೆ ಬೇರೆ ಅರ್ಥ: ಬಗ್ಗುವುದು, ಏಳುವುದು, ತಳ್ಳುವುದು, ಎಳೆಯುವುದು, ಹೊರುವುದು. ಯೋಚಿಸಿ ನೋಡಿದರೆ ಅಷ್ಟೇನೂ ಬೇರೆಯಲ್ಲ. ಗೃಹಪ್ರವೇಶದ ಹಿಂದಿನ ದಿನ ಮನೆಯವರು ಮಾಡುವುದೂ ಇದನ್ನೇ.

ನಾನು ಇದರಲ್ಲಿ ಸಿಕ್ಕಿಕೊಂಡದ್ದು ಅಕ್ಕನ ಮಗನಿಂದ. ಕಂಪನಿಯವರು ಅವನನ್ನು ಮಾರ್ಚ್‌ನಲ್ಲಿ ಮನೆಗೆ ಕಳಿಸಿದರು. ಏಪ್ರಿಲ್‌ನಲ್ಲಿ ಅವನು ಫಿಟ್‌ನೆಸ್ ಟ್ರೇನರ್ ಆಗುವುದೆಂದು ತೀರ್ಮಾನಿಸಿದ. ಕೋರ್ಸು ಎರಡು ದಿನ. ಫೀಸು 22,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಜೋಡಿಯಾಗಿ ಸೇರಿದರೆ ಎರಡನೆಯವರಿಗೆ ಅರ್ಧ ಫೀಸು ಅಂತ ಸ್ನೇಹಿತನನ್ನೂ ಸೇರಿಸಿ ದುಡ್ಡು ಕಟ್ಟಿದ್ದ. ಗುರುವಾರ ಆ ಸ್ನೇಹಿತನಿಗೆ ಕೆಲಸ ಸಿಕ್ಕಿತು, ಕೈ ಎತ್ತಿಬಿಟ್ಟ. ಕಟ್ಟಿದ ದುಡ್ಡು ವಾಪಸಿಲ್ಲ. "ಮಾಮ, ಸುಮ್ನೆ ಹಾಳಾಗುತ್ತೆ, ನೀವೇ ಬಂದ್ಬಿಡಿ" ಅಂದ.

"ಐವತ್ತೆರಡು ವರ್ಷ ಕಣೋ ನನಗೆ. ಸೊಂಟದ ಡಿಸ್ಕ್ ಬೇರೆ ಜಾರಿದೆ. ಅರ್ಹತೆ ಗಿರ್ಹತೆ ಏನಾದ್ರೂ ಕೇಳ್ತಾರೇನೋ?"

"ಆಧಾರ್ ಕಾರ್ಡ್ ತನ್ನಿ ಸಾಕು."

ಎಚ್‌ಎಸ್‌ಆರ್ ಲೇಔಟಿನ ಒಂದು ಕಟ್ಟಡದ ಮೂರನೇ ಮಹಡಿ. ಬಾಗಿಲಲ್ಲೇ ಕಪ್ಪು ಟಿ-ಶರ್ಟು, ಕೊರಳಿಗೆ ಬಿಲ್ಲೆ, ಜೊತೆಗೊಂದು ಆರೋಗ್ಯದ ಫಾರಂ. ಕೆನಡಾದಲ್ಲಿ ಹುಟ್ಟಿ ಲೋಕದ ಜಿಮ್ಮುಗಳಿಗೆಲ್ಲ ಹಬ್ಬಿದ ಏಳು ಪ್ರಶ್ನೆಗಳ ಫಾರಂ ಅದು. ಐದನೇ ಪ್ರಶ್ನೆ: ವ್ಯಾಯಾಮದಿಂದ ಹೆಚ್ಚಾಗಬಹುದಾದ ಬೆನ್ನು, ಮಂಡಿ, ಸೊಂಟದ ತೊಂದರೆ ಇದೆಯೇ? ಪ್ರಾಮಾಣಿಕವಾಗಿ 'ಹೌದು' ಎಂದು ಗುರುತು ಹಾಕಿದೆ. ಹೌದು ಎಂದವರು ಮೊದಲು ಡಾಕ್ಟರನ್ನು ಕಾಣಬೇಕೆಂದು ಆ ಫಾರಮ್ಮೇ ಹೇಳುತ್ತದೆ. ಮೇಜಿನ ಹಿಂದಿದ್ದ ಹುಡುಗಿ ಅದನ್ನು ತೆಗೆದುಕೊಂಡು, ಸಹಿ ಇದೆಯೋ ಇಲ್ಲವೋ ನೋಡಿ, ಪಂಚಿಂಗ್ ಮಷಿನ್ನಿಗೆ ಕೊಟ್ಟು ಎರಡು ತೂತು ಹೊಡೆದಳು. ಆ ಎರಡು ದಿನಗಳಲ್ಲಿ ನನ್ನ ಬೆನ್ನಿನ ಬಗ್ಗೆ ನಡೆದ ವೈದ್ಯಕೀಯ ತಪಾಸಣೆ ಅಷ್ಟೇ.

ಒಂಬತ್ತಕ್ಕೆ ಶುರುವಾಗಬೇಕಾದದ್ದು ಹತ್ತೂ ಕಾಲಾದರೂ ಆಗಲಿಲ್ಲ. ಬಾಡಿಗೆಗೆ ತರಿಸಿದ್ದ ಹಿಡಿಕೆಯ ಕಬ್ಬಿಣದ ಗುಂಡುಗಳು, ಅಂದರೆ ಕೆಟಲ್‌ಬೆಲ್‌ಗಳು ಟೆಂಪೋದಲ್ಲಿ ಬಂದು ಕೆಳಗೆ ನಿಂತಿದ್ದವು. ಲಿಫ್ಟು ಕೆಟ್ಟಿತ್ತು. ಮೇಲೆ ಭಾರ ಎತ್ತುವುದನ್ನು ಕಲಿಯಲು ದುಡ್ಡು ಕೊಟ್ಟು ಬಂದ ಮೂವತ್ತನಾಲ್ಕು ಜನ ಭಾರಕ್ಕಾಗಿ ಕಾಯುತ್ತಾ ಕಾಫಿ ಕುಡಿಯುತ್ತಿದ್ದೆವು. ಕೊನೆಗೆ ಟೆಂಪೋ ಜೊತೆ ಬಂದಿದ್ದ ಇಬ್ಬರು ಲೋಡರ್‌ಗಳು ಗೋಣಿಚೀಲಕ್ಕೆ ತಲಾ ನಾಲ್ಕು ಹಾಕಿಕೊಂಡು ಮೆಟ್ಟಿಲು ಹತ್ತತೊಡಗಿದರು. ಒಂದೊಂದು 16 ಕೆಜಿ, ನಾಲ್ಕಕ್ಕೆ 64. ವಯಸ್ಕ ಗಂಡಸಿನ ಮೇಲೆ 55 ಕೆಜಿಗಿಂತ ಹೆಚ್ಚು ಹೊರಿಸಬೇಡಿ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಶಿಫಾರಸು ಮಾಡಿದ್ದು ಆ ಗೋಣಿಚೀಲಕ್ಕೆ ಇನ್ನೂ ತಿಳಿದಿರಲಿಲ್ಲ.

ನಮ್ಮ ಮಾಸ್ಟರ್ ಟ್ರೇನರ್ ಇದನ್ನು ಕಂಡವರೇ ಮೆಟ್ಟಿಲ ತಿರುವಿಗೆ ಇಳಿದು ಬಂದರು. "ಚೆಸ್ಟ್ ಅಪ್, ಬ್ರೋ! ನೀಸ್ ಔಟ್! ಬ್ರೀದ್!"

"ಸೈಡ್ ಬಿಡಿ ಸಾ" ಅಂದ ಲೋಡರ್.

"ನೋಡಿ ಗೈಸ್, ಇದು ರಿಯಲ್ ಫಂಕ್ಷನಲ್ ಸ್ಟ್ರೆಂತ್!" ಎಲ್ಲರೂ ಚಪ್ಪಾಳೆ ತಟ್ಟಿದೆವು. ಆರೇಳು ಮೊಬೈಲುಗಳು ವಿಡಿಯೊ ಮಾಡಿಕೊಂಡವು. ಚಪ್ಪಾಳೆ ನಿಂತ ಮೇಲೂ ಒಬ್ಬ ಲೋಡರ್ ಅಲ್ಲೇ ನಿಂತಿದ್ದ. ಮೂರು ಮಹಡಿ ಹತ್ತಿಸಿದ್ದಕ್ಕೆ ಮೇಲೆ ಐನೂರು ಆಗುತ್ತದಂತೆ. "ಲಂಚ್ ಬ್ರೇಕಲ್ಲಿ ನೋಡೋಣ" ಅಂದರು ಮಾಸ್ಟರ್ ಟ್ರೇನರ್.

ಆಮೇಲೆ ಪರದೆಯ ಮೇಲೆ ಪಾಠ. ಮನುಷ್ಯನ ಚಲನೆಯೆಲ್ಲ ಏಳೇ ಬಗೆಯಂತೆ; ದೇಹವನ್ನು ಕೊಯ್ಯಲು ಮೂರು ಪ್ಲೇನುಗಳಂತೆ: ಸ್ಯಾಜಿಟಲ್, ಫ್ರಂಟಲ್, ಟ್ರಾನ್ಸ್‌ವರ್ಸ್. ಹಿಂದೆ ಮುಂದೆ, ಅಕ್ಕ ಪಕ್ಕ, ಸುತ್ತ. ಸ್ಕ್ವಾಟ್‌ಗೆ ಇಪ್ಪತ್ತು ಸ್ಲೈಡು. ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದ್ದಕ್ಕೆ ಮೇಷ್ಟ್ರು ಕಿವಿ ಹಿಡಿಸಿ ಪುಕ್ಕಟೆಯಾಗಿ ಕೊಡುತ್ತಿದ್ದ ಬಸ್ಕಿ ಅದು. ಮೊದಲ ಸ್ಲೈಡಿನಲ್ಲಿ ಒಂದು ವರ್ಷದ ಮಗು ಕುಕ್ಕರಗಾಲಲ್ಲಿ ಕೂತಿತ್ತು. "ಪರ್ಫೆಕ್ಟ್ ಸ್ಕ್ವಾಟ್! ಹುಟ್ಟುವಾಗ ನಮಗೆಲ್ಲ ಇದು ಬರ್ತಿತ್ತು. ಕುರ್ಚಿ ಬಂದು ಹಾಳಾದ್ವಿ." ಈ ಮಾತಿಗೆ ಮೂವತ್ತನಾಲ್ಕೂ ಜನ ಕುರ್ಚಿಯಲ್ಲಿ ಕೂತೇ ತಲೆಯಾಡಿಸಿದೆವು.

ಮುಂದೆ ಚಲನೆಯ ಪರೀಕ್ಷೆ. ಏಳು ಭಂಗಿ, ತಲಾ ಮೂರು ಅಂಕ, ಒಟ್ಟು ಇಪ್ಪತ್ತೊಂದು. ನನಗೆ ಒಂಬತ್ತು ಬಂತು. "ಚಿಂತೆ ಮಾಡ್ಬೇಡಿ ಅಂಕಲ್, ಇದು ನಿಮ್ಮ ಬೇಸ್‌ಲೈನ್" ಎಂದು ಸಮಾಧಾನ ಹೇಳಿದರು. ಹೈಸ್ಕೂಲಿನಲ್ಲಿ ಗಣಿತಕ್ಕೆ ಒಂಬತ್ತು ಬಂದಾಗ ಈ ಪದ ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಟಲ್‌ಬೆಲ್ಲಿನ ಕಥೆ ಮಾತ್ರ ಚೆನ್ನಾಗಿತ್ತು. ರಷ್ಯಾದಲ್ಲಿ ದವಸ ತೂಗುವ ಕಲ್ಲು ಅದು. ಅಲ್ಲಿನ ಅಳತೆ ಪೂಡ್, ನಮ್ಮ ಮಣ, ಸೇರಿನ ಹಾಗೆ. ಒಂದು ಪೂಡ್ ಅಂದರೆ ಹದಿನಾರು ಕೆಜಿಗೆ ಒಂಚೂರು ಮೇಲೆ. ಇವತ್ತಿಗೂ ಕೆಟಲ್‌ಬೆಲ್ 16, 24, 32 ಎಂದು ಬರುವುದು ಆ ಲೆಕ್ಕದಲ್ಲೇ. ಅಂದರೆ ಶೆಟ್ಟರ ತಕ್ಕಡಿಯ ತೂಕದ ಕಲ್ಲಿಗೆ ಹಿಡಿಕೆ ಬೆಸೆದು, ಎತ್ತಿ ಇಳಿಸಿದ್ದಕ್ಕೆ ಶೆಟ್ಟರು ನಮ್ಮಿಂದಲೇ ದುಡ್ಡು ಇಸಿದುಕೊಂಡಂತೆ.

ಊಟವಾದ ಮೇಲೆ ಫಾರ್ಮರ್ಸ್ ವಾಕ್. ರೈತನ ನಡಿಗೆ. ಎರಡು ಕೈಯಲ್ಲಿ ಎರಡು ಕೆಟಲ್‌ಬೆಲ್ ಇಳಿಬಿಟ್ಟು, ಎದೆ ಸೆಟೆಸಿ, ದೃಷ್ಟಿ ನೇರ ಇಟ್ಟು ಇಪ್ಪತ್ತು ಮೀಟರ್ ನಡೆಯಬೇಕು. ನಮ್ಮಪ್ಪ ಚನ್ನರಾಯಪಟ್ಟಣದ ಕಡೆಯ ರೈತ. ರಾಗಿ ಮೂಟೆ ಬೆನ್ನ ಮೇಲೆ, ಹುಲ್ಲಿನ ಹೊರೆ ತಲೆ ಮೇಲೆ, ನೇಗಿಲು ಹೆಗಲ ಮೇಲೆ ಹೊತ್ತು ನಡೆದದ್ದನ್ನು ನೋಡಿದ್ದೇನೆ. ಹೀಗೆ ಎದೆಯೆತ್ತಿ ನಡೆದದ್ದನ್ನು ಕಂಡದ್ದು ಸೊಸೈಟಿ ಸಾಲ ಮನ್ನಾ ಆದ ದಿನ ಒಂದೇ. ಅವತ್ತು ಎರಡೂ ಕೈ ಖಾಲಿ ಇತ್ತು.

ದಿನದ ಕೊನೆಗೆ ನಲವತ್ತು ಬರ್ಪಿ. ಬಿದ್ದು ಎದ್ದು ಎಗರುವ ಈ ಕಸರತ್ತಿಗೆ ಹೆಸರು ಕೊಟ್ಟವರು ರಾಯಲ್ ಬರ್ಪಿ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ. 1930ರ ದಶಕದಲ್ಲಿ ಅವರು ಇದನ್ನು ರೂಪಿಸಿದ್ದು ಕಸುವು ಅಳೆಯುವ ಪರೀಕ್ಷೆಯಾಗಿ. ನಾಲ್ಕೇ ನಾಲ್ಕು ಸಲ ಮಾಡಿಸಿ ನಾಡಿ ನೋಡುತ್ತಿದ್ದರು. ನಲವತ್ತು ಮಾಡಿಸುವುದೆಂದರೆ ಥರ್ಮಾಮೀಟರನ್ನೇ ಮಾತ್ರೆಯಂತೆ ನುಂಗಿಸಿದ ಹಾಗೆ. ನಾನು ಹನ್ನೊಂದಕ್ಕೆ ನಿಂತೆ. ನನ್ನ ನಾಡಿ ಯಾರೂ ನೋಡಲಿಲ್ಲ.

ಭಾನುವಾರ ಬೆಳಗ್ಗೆ "ಸ್ಟೀಲ್ ಮೇಸ್, ಏನ್ಶಿಯೆಂಟ್ ವಾರಿಯರ್ ಟೂಲ್" ಎಂದು ಒಂದು ಉದ್ದನೆ ಕೋಲಿನ ತುದಿಗೆ ಗುಂಡು ಕೂರಿಸಿದ್ದನ್ನು ಹಿಡಿದು ಬಂದರು. ಗದೆ! ಹನುಮಂತನ ಪಟ ತೂಗುಹಾಕಿದ ಯಾವ ಗರಡಿಗೆ ಹೋದರೂ ಮೂಲೆಯಲ್ಲಿ ಕಾಣುವ ಗದೆ. ಅದರ ಪಕ್ಕದಲ್ಲೇ 'ಇಂಡಿಯನ್ ಕ್ಲಬ್' ಎಂಬ ಹೆಸರಿನಲ್ಲಿ ಗರಡಿಯವರು ಕೈಯಲ್ಲಿ ಹಿಡಿದು ತಿರುಗಿಸುವ ಮರದ ಲೋಡು. ಇದರ ಪ್ರಯಾಣ ದೊಡ್ಡದು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯದವರು ಇಲ್ಲಿ ಲೋಡು ತಿರುಗಿಸುವುದನ್ನು ನೋಡಿ ಕಲಿತು ತಮ್ಮೂರಿಗೆ ಒಯ್ದರು. ಅಲ್ಲಿಂದ ಅಮೆರಿಕ. 1904ರ ಸೇಂಟ್ ಲೂಯಿ ಒಲಿಂಪಿಕ್ಸ್‌ನಲ್ಲಿ, ಮತ್ತೆ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅದೊಂದು ಸ್ಪರ್ಧೆಯೇ ಆಗಿತ್ತು. ಈಗ ಅಮೆರಿಕದ ಕೈಪಿಡಿ ಸಮೇತ ಎಚ್‌ಎಸ್‌ಆರ್ ಲೇಔಟಿಗೆ ವಾಪಸು ಬಂದಿದೆ, ಮಾಡ್ಯೂಲ್ ಐದು ಎಂದು.

ಹಾಗಂತ ಗರಡಿಯವರು ಮಾಡಿದ್ದೆಲ್ಲ ಸರಿ ಎಂದು ನಾನೇನೂ ಎದೆ ತಟ್ಟಿಕೊಳ್ಳುವುದಿಲ್ಲ. ಸಾವಿರಗಟ್ಟಲೆ ಬಸ್ಕಿ ಹೊಡೆಸಿ ಮಂಡಿ ಸವೆಸಿದ ಉಸ್ತಾದರೂ ಇದ್ದಾರೆ. ಆದರೆ ಅಲ್ಲಿ ಹೊಸಬ ಮೊದಲು ಮಟ್ಟಿಯ ಮಣ್ಣು ಅಗೆಯಬೇಕು, ಹಿರಿಯರ ಮೈಗೆ ಎಣ್ಣೆ ತಿಕ್ಕಬೇಕು. ಇನ್ನೊಬ್ಬನಿಗೆ ಹೇಳಿಕೊಡುವ ಮಾತು ಬರುವ ಹೊತ್ತಿಗೆ ಮೀಸೆ ನರೆತಿರುತ್ತದೆ.

ಮಧ್ಯಾಹ್ನ ಪ್ರಾಕ್ಟಿಕಲ್. ದಿನನಿತ್ಯದ ಬದುಕಿನಿಂದ ಒಂದು ಚಲನೆ ಆರಿಸಿ, ಅದಕ್ಕೊಂದು ಕಸರತ್ತು ಕಟ್ಟಿ ತೋರಿಸಬೇಕು. ನನ್ನ ಸರದಿ ಬಂದಾಗ ತಲೆ ಖಾಲಿ. ಹೆಂಡತಿಯ ಮಾತು ನೆನಪಾಯಿತು. ಎಡಗೈಲಿ 12 ಕೆಜಿ ಕೆಟಲ್‌ಬೆಲ್ ಹಿಡಿದೆ, ಅದು ಸಾಂಬಾರಿನ ಬಕೆಟ್ಟು. ಬಲಗೈಲಿ ಇಲ್ಲದ ಸೌಟು. ಸೊಂಟದಿಂದ ಬಗ್ಗಿ, ಕಾಣದ ಎಲೆಗಳ ಸಾಲಿನುದ್ದಕ್ಕೂ ಅಡ್ಡಡ್ಡ ಹೆಜ್ಜೆ ಹಾಕುತ್ತಾ ಬಡಿಸಿದೆ. ಪಂಕ್ತಿಯ ಕೊನೆಗೆ ಬಂದಾಗ, ಎದುರು ಸಾಲಿನವರು ಬೇಜಾರು ಮಾಡಿಕೊಳ್ಳಬಾರದೆಂದು ಬಗ್ಗಿದ ಹಾಗೇ ಗಿರಕ್ಕನೆ ಆ ಕಡೆ ತಿರುಗಿ "ನಿಧಾನಕ್ಕೆ ಆಗ್ಲಿ, ನಿಧಾನಕ್ಕೆ ಆಗ್ಲಿ" ಅಂದೆ. ಒಳಗೆಲ್ಲೋ 'ಚಟ್' ಅಂತು. ತಮಾಷೆ ಮಾಡಿದ್ದೆ ನಾನು. ಯಾರೂ ನಗಲಿಲ್ಲ.

"ವಾವ್!" ಅಂದರು ಮಾಸ್ಟರ್ ಟ್ರೇನರ್. "ಹಿಂಜ್, ಕ್ಯಾರಿ, ರೊಟೇಷನ್ ಮೂರೂ ಒಂದರಲ್ಲೇ ಇದೆ! ಅಂಕಲ್, ಇನ್ನೊಂದ್ಸಲ ಮಾಡಿ, ರೀಲ್ ತಗೋತೀನಿ." ಇನ್ನೊಂದು ಸಲ ಮಾಡಿದೆ. ಪ್ರಾಕ್ಟಿಕಲ್‌ನಲ್ಲಿ ಇಡೀ ಬ್ಯಾಚಿಗೇ ನಾನು ಮೊದಲಿಗ.

ಬರೆಯುವ ಪರೀಕ್ಷೆ ಮೂವತ್ತು ಪ್ರಶ್ನೆ. ಯಾರಿಗೂ ಅನ್ಯಾಯವಾಗಬಾರದೆಂದು ಮಾಸ್ಟರ್ ಟ್ರೇನರ್ ಪ್ರಶ್ನೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಸರಿ ಉತ್ತರ ಬಂದಾಗ ದನಿ ಸ್ವಲ್ಪ ಏರುತ್ತಿತ್ತು, ಮುಂಗಾಲಲ್ಲಿ ನಿಂತು ಹಿಮ್ಮಡಿಯೂ ಏಳುತ್ತಿತ್ತು. ಮೂವತ್ತನಾಲ್ಕಕ್ಕೆ ಮೂವತ್ತನಾಲ್ಕೂ ಪಾಸು.

ಸ್ಕೂಟರ್ ಓಡಿಸಬೇಕೆಂದರೆ ಎಲ್‌ಎಲ್‌ಆರ್ ಮಾಡಿಸಿ ಮೂವತ್ತು ದಿನ ಕಾಯಬೇಕು, ಆಮೇಲೆ ಆರ್‌ಟಿಒ ಮುಂದೆ ಎಂಟು ಹಾಕಿ ತೋರಿಸಬೇಕು. ಗೊತ್ತಿಲ್ಲದವರ ಬೆನ್ನುಮೂಳೆಯ ಮೇಲೆ ಅರವತ್ತು ಕೆಜಿ ಕಬ್ಬಿಣ ಇಟ್ಟು "ಇನ್ನೊಂದು ರೆಪ್, ಬಿಡಬೇಡಿ" ಎಂದು ಕಿರುಚಲು ಇಂಥ ಪರವಾನಗಿ ಇರಲೇಬೇಕು ಎಂಬ ಕಾನೂನು ನಮ್ಮಲ್ಲಿಲ್ಲ. ಇರುವುದು ಈ ಲ್ಯಾಮಿನೇಷನ್ ಮಾಡಿದ ಸರ್ಟಿಫಿಕೇಟು. ಅದರಲ್ಲಿ ನನ್ನ ಹೆಸರಿನ ಕಾಗುಣಿತ ತಪ್ಪಿದೆ, ಬಂಗಾರದ ಬಣ್ಣದ ಮೊಹರು ಸರಿಯಾಗಿದೆ. ಎರಡು ವರ್ಷಕ್ಕೆ ಮಾತ್ರ ಸಿಂಧು. ಆಮೇಲೆ ಮತ್ತೆ ದುಡ್ಡು ಕಟ್ಟಿ ನವೀಕರಿಸಬೇಕಂತೆ. ಹಾಲಿನಂತೆ, ಮೊಸರಿನಂತೆ ಬಗ್ಗುವುದು ಏಳುವುದೂ ಹಳಸುತ್ತದೆಂದು ನನಗೆ ಗೊತ್ತಿರಲಿಲ್ಲ. ಎದೆಯ ಮೇಲೆ ಕೈಕಟ್ಟಿ, ಕೆಳಗಿನಿಂದ ತೋಳು ಉಬ್ಬಿಸಿ ಫೋಟೊ ತೆಗೆಸಿಕೊಂಡೆವು. ಇಳಿಯುವಾಗ ಟೆಂಪೋ ಪಕ್ಕ ಅದೇ ಲೋಡರ್ ನಿಂತಿದ್ದ. ಐನೂರು ಇನ್ನೂ ಬಂದಿರಲಿಲ್ಲ.

ಸೋಮವಾರ ಬೆಳಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಏಳನೇ ಬಗೆಯ ಚಲನೆ ಹೋಗಲಿ, ಮೊದಲನೆಯದೂ ಇಲ್ಲ. ಮಲಗಿದ್ದಲ್ಲೇ ಮೊಬೈಲ್ ನೋಡಿದೆ. ಅಕ್ಕನ ಮಗನಿಗೆ ಆಗಲೇ ಇಬ್ಬರು ಗಿರಾಕಿ ಸಿಕ್ಕಿದ್ದರು. ಅದರಲ್ಲೊಬ್ಬರಿಗೆ ಬೆನ್ನುನೋವಿದೆ, ಏನು ಮಾಡಿಸಲಿ ಮಾಮ ಎಂದು ನನ್ನನ್ನೇ ಕೇಳಿದ್ದ. ಅದರ ಕೆಳಗೆ ಮುಂದಿನ ಬ್ಯಾಚಿನ ಜಾಹೀರಾತು: 'ಹೊಸ ಸೇರ್ಪಡೆ: ಸೌತ್ ಇಂಡಿಯನ್ ಟೆಂಪಲ್ ಕ್ಯಾರಿ, ಸಾವಿರಾರು ವರ್ಷಗಳ ಯೋಧ ಪರಂಪರೆ.' ವಿಡಿಯೊದಲ್ಲಿ ನಾನು. ಫೀಸು ಮೂರು ಸಾವಿರ ಏರಿತ್ತು.

"ನೋಡ್ರೀ, ಫಂಕ್ಷನ್ನಿಗೇ ಟ್ರೈನಿಂಗ್ ಕೊಟ್ಟಿದಾರೆ. ನಾನು ಹೇಳಿದ್ದೇನು ತಪ್ಪು?" ಅಂದಳು ಹೆಂಡತಿ, ಆಟೋ ಕರೆಸುತ್ತಾ.

ನಗರ್ತಪೇಟೆಯ ಗಲ್ಲಿಯೊಂದರಲ್ಲಿ ಎಪ್ಪತ್ತು ದಾಟಿದ ಉಸ್ತಾದರಿದ್ದಾರೆ. ಕುಸ್ತಿ ಬಿಟ್ಟು ಎಷ್ಟೋ ವರ್ಷವಾಯಿತು, ಈಗ ಉಳುಕು ತೆಗೆಯುತ್ತಾರೆ. ಗೋಡೆಯ ಮೇಲೆ ಹನುಮಂತನ ಪಟ ಬಿಟ್ಟರೆ ಚೌಕಟ್ಟು ಹಾಕಿದ್ದು ಬೇರೇನೂ ಇಲ್ಲ. ಬೋರಲು ಮಲಗಿಸಿ, ಎಣ್ಣೆ ಕಾಯಿಸಿ, ಎರಡು ಹೆಬ್ಬೆರಳಲ್ಲಿ ಸೊಂಟದ ಮೇಲೆ ಅಳತೆ ನೋಡುತ್ತಾ ಕೇಳಿದರು: "ಎಲ್ಲಿ ಹಿಡ್ಕೊಂಡ್ತು ಸ್ವಾಮಿ?"

ಎರಡು ದಿನದ ವಿದ್ಯೆ ತಾನಾಗಿ ಬಾಯಿಗೆ ಬಂತು. "ಟ್ರಾನ್ಸ್‌ವರ್ಸ್ ಪ್ಲೇನಲ್ಲಿ" ಅಂದೆ.

ಉಸ್ತಾದರ ಕೈ ನಿಂತಿತು. "ಅದ್ಯಾವ ಕಡೆ ಬರುತ್ತೆ? ವೈಟ್‌ಫೀಲ್ಡ್ ದಾಟಿ ಹೋಗ್ಬೇಕಾ?"