‘ಈ ವಯಸ್ಸಿನಲ್ಲೂ’ ಎನ್ನುವುದು ಬೇಡ

ಹಿರಿಯ ಕಲಾವಿದರಿಗೆಂದೇ ಕಲೋತ್ಸವ ನಡೆಸುವುದನ್ನು ಮೆಚ್ಚಿ ಬರೆದ ಲೇಖನವೊಂದನ್ನು ಓದಿ ಮನಸ್ಸು ತುಂಬಿತು. ಆದರೆ ಅದರಲ್ಲಿದ್ದ ‘ಈ ವಯಸ್ಸಿನಲ್ಲೂ ಕುಣಿಯುತ್ತಾರೆ’ ಎಂಬ ಮಾತಿಗೆ ನನ್ನ ತಕರಾರಿದೆ. ಆ ‘ಲೂ’ ಎಂಬ ಒಂದಕ್ಷರದಲ್ಲಿ ಕಲೆ ಹಿಂದೆ ಸರಿದು ಕನಿಕರ ಮುಂದೆ ಬಂದು ಕೂರುತ್ತದೆ.

ಜಪಾನಿನ ಬುಟೊ ಎಂಬ ಆಧುನಿಕ ನೃತ್ಯಪ್ರಕಾರದ ನರ್ತಕ ಕಜುವೊ ಓನೊ ಹುಟ್ಟಿದ್ದು 1906ರಲ್ಲಿ. ಅವರಿಗೆ ದೇಶದಾಚೆ ಹೆಸರು ತಂದ ಪ್ರಯೋಗ ರಂಗಕ್ಕೆ ಬಂದದ್ದು 1977ರಲ್ಲಿ, ಅವರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ! ತೊಂಬತ್ತು ದಾಟಿ, ನಿಲ್ಲಲಾಗದಿದ್ದಾಗ ಕುರ್ಚಿಯಲ್ಲಿ ಕುಳಿತು ಕೈಗಳಿಂದಲೇ ನರ್ತಿಸಿದರು. ನೆದರ್ಲೆಂಡ್ಸ್ ಡಾನ್ಸ್ ಥಿಯೇಟರ್ ಎಂಬ ನೃತ್ಯಸಂಸ್ಥೆ 1991ರಲ್ಲಿ ನಲವತ್ತು ದಾಟಿದ ನರ್ತಕರದೇ ಒಂದು ತಂಡ ಕಟ್ಟಿತ್ತು. 2006ರಲ್ಲಿ ಅದು ನಿಂತುಹೋದದ್ದು ನನಗೆ ಇಂದಿಗೂ ನೋವು.

ಹಿಂದೊಮ್ಮೆ ಮೊದಲ ಸಾಲಿನಲ್ಲಿ ಕುಳಿತು ಹಿರಿಯ ನರ್ತಕಿಯೊಬ್ಬರ ಅಭಿನಯ ನೋಡಿದ್ದೆ. ಪತ್ರ ಓದುವ ಸನ್ನಿವೇಶ. ಎತ್ತಿದ ಕೈ ಸಣ್ಣಗೆ ನಡುಗುತ್ತಿತ್ತು. ಆ ನಡುಕವನ್ನು ಅವರು ಮುಚ್ಚಿಡಲಿಲ್ಲ, ಪತ್ರಕ್ಕೇ ಕೊಟ್ಟುಬಿಟ್ಟರು. ಕೈಯಲ್ಲಿ ಇಲ್ಲದ ಹಾಳೆ ಗಾಳಿಗೆ ಅಲುಗಿದಂತೆ ಕಂಡಿತು. ಇಪ್ಪತ್ತರ ಚುರುಕು ಕೈಗೆ ಇದು ದಕ್ಕುತ್ತಿತ್ತೇ?

ಇಂಥ ಉತ್ಸವ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ಸನ್ಮಾನದ ಭಾಷಣಗಳನ್ನು ಮೊಟಕುಗೊಳಿಸಿ, ಆ ಹೊತ್ತನ್ನು ಪ್ರದರ್ಶನಕ್ಕೆ ಕೊಡಿ. ರಂಗದ ನೆಲ ಕಾಂಕ್ರೀಟಿನದಾಗದೆ ಮರದ್ದಾಗಿರಲಿ, ಅದರ ಬೆಲೆ ಮಂಡಿಗೆ ಗೊತ್ತು. ಮೆಟ್ಟಿಲ ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಇರಲಿ, ನೇಪಥ್ಯದಲ್ಲಿ ಸಾಕಷ್ಟು ಬೆಳಕಿರಲಿ. ಸಂಭಾವನೆಯನ್ನೂ ಕಿರಿಯರಿಗೆ ಕೊಡುವಷ್ಟೇ ಕೊಡಿ.