ಕಲಬುರಗಿ ಬಂದರಿನಿಂದ

ಮೊನ್ನೆ ಬೆಳಿಗ್ಗೆ ಪೇಪರ್ ಬಿಚ್ಚಿದರೆ ನಡುವಿನಿಂದ ಒಂದು ಪಾಂಪ್ಲೆಟ್ ಜಾರಿ ಚಹಾದ ಕಪ್ಪಿಗೆ ಬಿತ್ತು. ನೀಲಿ ಸಮುದ್ರ, ನಡುವೆ ಕಬ್ಬಿಣದ ಅಟ್ಟ, ಅಟ್ಟದ ಮೇಲೊಂದು ಹೆಲಿಕಾಪ್ಟರ್. ಕೆಳಗೆ ಹಳದಿ ಅಕ್ಷರದಲ್ಲಿ, ‘ಆಫ್‌ಶೋರ್ ಆಯಿಲ್ ಅಂಡ್ ಗ್ಯಾಸ್ ಸೇಫ್ಟಿ ಡಿಪ್ಲೊಮಾ. ಆರು ತಿಂಗಳು. ನೂರಕ್ಕೆ ನೂರು ನೌಕರಿ. ಎಸ್ಸೆಸ್ಸೆಲ್ಸಿ ಪಾಸ್ ಅಥವಾ ಫೇಲ್.’ ವಿಳಾಸ ಸೂಪರ್ ಮಾರ್ಕೆಟ್ ಹಿಂದೆ, ಕಿರಾಣಿ ಅಂಗಡಿ ಮೇಲೆ, ಎರಡನೇ ಮಹಡಿ.

ಕಲಬುರಗಿಯಲ್ಲಿ ಆಫ್‌ಶೋರ್! ಆಫ್‌ಶೋರ್ ಅಂದರೆ ಕಡಲ ನಡುವೆ. ನಮ್ಮೂರ ನಡುವಿನ ಅಪ್ಪನ ಕೆರೆಯಲ್ಲಿ ಎಣ್ಣೆ ಸಿಕ್ಕಿತೇನೋ ಅಂದುಕೊಂಡೆ. ಇಲ್ಲಿಯ ಹುಡುಗರು ಸಮುದ್ರ ನೋಡಬೇಕೆಂದರೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗಬೇಕು. ಅಲ್ಲಿಂದ ಇನ್ನೂ ಸುಮಾರು 160 ಕಿಲೋಮೀಟರ್ ನೀರಿನ ಮೇಲೆ ಹೋದರೆ ಬಾಂಬೆ ಹೈ, ಸಮುದ್ರದ ನಡುವೆ ಎಣ್ಣೆ ತೆಗೆಯುವ ಜಾಗ.

ಹಾಗಂತ ನಮಗೆ ಸಮುದ್ರವೇ ಇರಲಿಲ್ಲ ಅನ್ನುವಂತಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲೂ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಸುಣ್ಣದ ಕೆಸರೇ ಪದರ ಪದರವಾಗಿ ಶಹಾಬಾದ್ ಕಲ್ಲಾಯಿತು. ನಾವು ಆ ಸಮುದ್ರವನ್ನು ಅಗೆದು, ಚೌಕವಾಗಿ ಕತ್ತರಿಸಿ, ಅಡುಗೆಮನೆಗೆ ಹಾಸಿ, ಅದರ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೇವೆ. ಆ ಲೆಕ್ಕಕ್ಕೆ ಈ ಜಿಲ್ಲೆಯಲ್ಲಿ ರೊಟ್ಟಿ ಬಡಿಯುವ ಪ್ರತಿಯೊಬ್ಬ ತಾಯಿಯೂ ಸಮುದ್ರದ ಮೇಲಿನ ಕೆಲಸಗಾರ್ತಿಯೇ. ಹೊಗೆ, ಬೆಂಕಿ, ಗ್ಯಾಸ್ ಮೂರೂ ಇವೆ. ರಿಸ್ಕ್ ಭತ್ಯೆ ಒಂದು ಬಾಕಿ. ಆ ಕಲ್ಲು ಕಡಿಯುವವರಿಗೆ ಮೂಗಿಗೆ ಕಟ್ಟಿಕೊಳ್ಳಲು ಇರುವುದು ತಲೆಗೆ ಸುತ್ತಿದ ಟವೆಲ್ಲೇ. ಒಂದೇ ಟವೆಲ್, ಅದೇ ಹೆಲ್ಮೆಟ್, ಅದೇ ಮಾಸ್ಕ್, ಮಧ್ಯಾಹ್ನ ಅದೇ ಹಾಸಿಗೆ.

ನಗುತ್ತಾ ಪಾಂಪ್ಲೆಟ್ ಒಣಗಲು ಇಟ್ಟೆ. ಸಂಜೆಗೆ ಅಣ್ಣನ ಮಗ ಶರಣು ಬಂದ. ಅವನ ಕೈಯಲ್ಲೂ ಅದೇ ಪಾಂಪ್ಲೆಟ್. ಫೀ 60,000. ಈ ಸಲದ ತೊಗರಿಯ ದುಡ್ಡು ಅಣ್ಣ ಎತ್ತಿಟ್ಟಿದ್ದಾನಂತೆ. ‘ಕಾಕಾ, ನೀವೊಮ್ಮೆ ಬಂದು ನೋಡ್ರಿ, ಛಲೋ ಅದ’ ಎಂದ.

ಹೋದೆ. ಮೆಟ್ಟಿಲು ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾರದಷ್ಟು ಅಗಲ. ಮೇಲೆ ಬಾಗಿಲು ಗಾಳಿಗೆ ಮುಚ್ಚದಂತೆ ಕೆಂಪು ಸಿಲಿಂಡರ್ ಒಂದನ್ನು ಒತ್ತುಕೊಟ್ಟಿದ್ದರು. ಬೆಂಕಿ ಆರಿಸುವುದು. ಅದರ ಕೊರಳಲ್ಲಿ ತೂಗುವ ಚೀಟಿಯಲ್ಲಿ, ತಪಾಸಣೆಯ ದಿನಾಂಕ ಬರೆಯುವ ಜಾಗದಲ್ಲಿ, ಯಾರೋ ಪೆನ್ನಿನಿಂದ ‘ಚಹಾ 14, ಬಾಕಿ 3’ ಎಂದು ಲೆಕ್ಕ ಬರೆದಿದ್ದರು. ಏನೇ ಆಗಲಿ, ಒಂದು ದಾಖಲೆ ಅಂತೂ ಇಟ್ಟಿದ್ದಾರೆ.

‘ಸರ, ಇಲ್ಲೇ ಬೆಂಕಿ ಬಿತ್ತಂದ್ರ ಹ್ಯಾಂಗ್ರಿ ಇಳಿಯೋದು?’ ಎಂದು ಅಲ್ಲಿದ್ದ ಮೇಷ್ಟ್ರನ್ನು ಕೇಳಿದೆ.

‘ಹಿಂದ ಎಮರ್ಜೆನ್ಸಿ ಎಕ್ಸಿಟ್ ಅದ ಅಲ್ರಿ.’

ಹೋಗಿ ನೋಡಿದೆ. ಇತ್ತು. ಹಸಿರು ಬೋರ್ಡಿನಲ್ಲಿ ಮನುಷ್ಯನೊಬ್ಬ ಓಡುತ್ತಿದ್ದ. ಅವನು ಓಡುವ ದಿಕ್ಕಿಗೆ ಕೆಳಗಿನ ಅಂಗಡಿಯ ತೊಗರಿಬೇಳೆ ಮೂಟೆಗಳು ಎದೆಮಟ್ಟ. ಮೂಟೆಯ ಆಚೆ ಗ್ರಿಲ್ಲು. ಗ್ರಿಲ್ಲಿಗೆ ಕೀಲಿ.

‘ಚಾವಿ?’

‘ಓನರ್ ಕಡೆ ಅದರಿ.’

‘ಓನರ್ ಎಲ್ಲಿ?’

‘ಇವತ್ತ ಹುಣ್ಣಿಮಿ ಅಲ್ರಿ ಸರ. ಗಾಣಗಾಪುರಕ್ಕ ಹೋಗ್ಯಾರ.’

ಸರಿ, ಬೆಂಕಿ ಹುಣ್ಣಿಮೆ ತಪ್ಪಿಸಿ ಬಿದ್ದರಾಯಿತು.

ಒಳಗೆ ಪಾಠ ನಡೆದಿತ್ತು. ಕರೆಂಟ್ ಹೋಗಿತ್ತು. ಹೊರಗೆ ನಮ್ಮ ಬಿಸಿಲು, ಗೊತ್ತಲ್ಲ, ಡಾಂಬರು ಚಪ್ಪಲಿಗೆ ಅಂಟುವಂಥದ್ದು. ಮೂವತ್ತು ಹುಡುಗರು ಅಂಗಿ ಹಿಂಡುವಷ್ಟು ಬೆವತು ನೋಟ್ಸ್ ಬರೆಯುತ್ತಿದ್ದರು: ‘ಚಳಿಗೆ ಕೈಬೆರಳು ಹೆಪ್ಪುಗಟ್ಟಿದರೆ ಉಜ್ಜಬಾರದು.’ ಆ ಪಾಠ ಯಾವುದೋ ಹಿಮ ಬೀಳುವ ದೇಶದ ಪುಸ್ತಕದಿಂದ ಇಳಿಸಿದ್ದು. ಬಿಸಿಲು ಬಡಿದರೆ ಏನು ಮಾಡಬೇಕು ಎಂಬ ಪಾಠ ಎಲ್ಲಿ ಅಂದರೆ, ಅದು ಸಿಲೆಬಸ್ಸಿನಲ್ಲಿ ಇಲ್ಲವಂತೆ.

ಪಾಪ, ಈ ಮೇಷ್ಟ್ರನ್ನು ಬೈಯಲು ನನಗೆ ಮನಸ್ಸಿಲ್ಲ. ದೊಡ್ಡವರೂ ಹೀಗೇ ಇಳಿಸುತ್ತಾರೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಝನ್ ಎಂಬ ರಿಗ್, ಅಂದರೆ ಎಣ್ಣೆ ಬಾವಿ ಕೊರೆಯುವ ಅಟ್ಟ, ಸಿಡಿದು 11 ಜನ ಸತ್ತರು, 87 ದಿನ ಎಣ್ಣೆ ಸಮುದ್ರಕ್ಕೆ ಸುರಿಯಿತು. ಆಗ ಅಲ್ಲಿ ಬಾವಿ ಕೊರೆಸುತ್ತಿದ್ದ ಬಿಪಿ ಕಂಪನಿಯ ತುರ್ತು ಯೋಜನೆಯ ಕಡತ ಬಿಚ್ಚಿ ನೋಡಿದರೆ, ಕೊಲ್ಲಿಯಲ್ಲಿ ಕಾಪಾಡಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ವಾಲ್ರಸ್! ಉತ್ತರ ಧ್ರುವದ ಕಡೆ ಮಂಜುಗಡ್ಡೆಯ ಮೇಲೆ ಮಲಗುವ, ಎರಡು ದಂತದ, ಎಮ್ಮೆಗಿಂತ ದಪ್ಪನೆಯ ಪ್ರಾಣಿ ಅದು. ಮೆಕ್ಸಿಕೊ ಕೊಲ್ಲಿಯಲ್ಲಿ ವಾಲ್ರಸ್ ಅಂದರೆ ಯಾದಗಿರಿ ಸ್ಟೇಷನ್ನಿನಲ್ಲಿ ಹಿಮಕರಡಿ ಇಳಿದು ಶಹಾಪುರಕ್ಕೆ ಟಂಟಂ ಕೇಳಿದ ಹಾಗೆ. ಬೇರೆ ದೊಡ್ಡ ಕಂಪನಿಗಳ ಯೋಜನೆ ತೆಗೆದರೆ ಅವುಗಳಲ್ಲೂ ವಾಲ್ರಸ್. ಅಂದರೆ ಅಲ್ಲೂ ಒಬ್ಬನೇ ಹುಡುಗ ಬರೆದದ್ದು, ಉಳಿದವರು ಹಿಂದಿನ ಬೆಂಚಿನವರು. ಇನ್ನೊಂದು ಸೊಗಸು ಕೇಳಿ. ಅಪಾಯವಾದರೆ ಕರೆಯಬೇಕಾದ ತಜ್ಞರೊಬ್ಬರ ಹೆಸರು ಆ ಯೋಜನೆಯಲ್ಲಿತ್ತು. ಯೋಜನೆ ಮಂಜೂರಾದದ್ದು 2009ರಲ್ಲಿ. ತಜ್ಞರು ತೀರಿಕೊಂಡದ್ದು 2005ರಲ್ಲಿ.

ಆ ರಿಗ್ ಸಿಡಿದ ದಿನ ಅಲ್ಲಿ ಸಾಹೇಬರೂ ಇದ್ದರು. ಯಾಕೆ ಬಂದಿದ್ದರು? ಏಳು ವರ್ಷ ಒಬ್ಬನೂ ಗಾಯವಾಗಿ ರಜೆ ಹಾಕಿಲ್ಲ ಎಂದು ಅಭಿನಂದಿಸಲು. ಅಷ್ಟಕ್ಕೇ ನಿಲ್ಲಲಿಲ್ಲ. ರಿಗ್ಗಿನ ಒಡೆಯ ಟ್ರಾನ್ಸ್‌ಓಷನ್ ಕಂಪನಿ ಮರುವರ್ಷ ತನ್ನ ಷೇರುದಾರರಿಗೆ ವರದಿ ಒಪ್ಪಿಸಿತು: ಅಂಕಿಅಂಶದ ಪ್ರಕಾರ 2010 ನಮ್ಮ ಕಂಪನಿಯ ಇತಿಹಾಸದಲ್ಲೇ ಸುರಕ್ಷತೆಗೆ ಅತ್ಯುತ್ತಮ ವರ್ಷ. ಸಾಹೇಬರಿಗೆ ಅದಕ್ಕಾಗಿ ಬೋನಸ್ ಕೂಡ. ಜನ ಉಗಿದ ಮೇಲೆ ಆ ದುಡ್ಡನ್ನು ಸತ್ತವರ ಕುಟುಂಬದ ನಿಧಿಗೆ ಕೊಟ್ಟರು ಅನ್ನಿ. ಉಗಿಯದಿದ್ದರೆ?

ಆ ಅಂಕಿಅಂಶ ಹೇಗೆ ಹುಟ್ಟುತ್ತದೆ ಅಂತ ಅಷ್ಟು ದೂರ ಹೋಗಿ ಕಲಿಯಬೇಕಿಲ್ಲ. ಫ್ಯಾಕ್ಟರಿ ಗೇಟಿನಲ್ಲಿ ಬೋರ್ಡು ನೋಡಿದ್ದೀರಲ್ಲ, ‘ಅಪಘಾತವಿಲ್ಲದ ದಿನಗಳು’ ಎಂದು, ಪಕ್ಕದಲ್ಲಿ ಸೀಮೆಸುಣ್ಣದ ಅಂಕಿ. ನನ್ನ ಪರಿಚಯದ ಫಿಟ್ಟರ್ ಒಬ್ಬ ತೋರುಬೆರಳಿನ ತುದಿ ಕಳಕೊಂಡ ದಿನ ಆ ಅಂಕಿ 211 ಇತ್ತು. ಮರುದಿನ 212. ನಡುವೆ ಆದದ್ದಿಷ್ಟೇ. ಅವನನ್ನು ಕಟ್ಟು ಹಾಕಿಸಿ ತಂದು, ಸ್ಟೋರ್ ರೂಮಿನಲ್ಲಿ ಕುರ್ಚಿ ಕೊಟ್ಟು, ಹಾಜರಿ ಹಾಕಿದರು. ಕೆಲಸಕ್ಕೆ ಬಂದಿದ್ದಾನೆ ಅಂದ ಮೇಲೆ ಅಪಘಾತ ಎಲ್ಲಾಯಿತು? ಅವನೂ ಬೇಸರ ಮಾಡಿಕೊಳ್ಳಲಿಲ್ಲ. ‘ಕುಂತು ಪಗಾರ ತಗೊಂಡೀನ್ರಿ’ ಎಂದು ಒಂಬತ್ತೂವರೆ ಬೆರಳು ತೋರಿಸಿದ.

ಮಾರ್ಚ್ 4 ಬಂದರೆ ಎಲ್ಲ ಕಡೆ ರಾಷ್ಟ್ರೀಯ ಸುರಕ್ಷತಾ ದಿನ. ಈ ವರ್ಷದ ಫೋಟೊ ನೀವೂ ನೋಡಿರುತ್ತೀರಿ, ಹೋದ ವರ್ಷದ್ದೇ ಅದು, ಶಾಲು ಬೇರೆ. ವೇದಿಕೆಯ ಮೇಲೆ ಕೂತವರಿಗೆಲ್ಲ ಹೆಲ್ಮೆಟ್. ಮೇಲಿನಿಂದ ಬಿದ್ದರೆ ಶಾಮಿಯಾನದ ಬಟ್ಟೆ ಬೀಳಬೇಕು, ಅಷ್ಟೇ. ಕೆಳಗೆ ನಿಂತು ಕೈ ಚಾಚಿ ಪ್ರತಿಜ್ಞೆ ಮಾಡುತ್ತಿರುವವರ ತಲೆಯ ಮೇಲೆ ಟವೆಲ್.

ಹೆಸರಿಡುವುದರಲ್ಲಿ ಮಾತ್ರ ನಮ್ಮನ್ನು ಯಾರೂ ಮೀರಿಸಲಾರರು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಅದನ್ನು ಸಾಗರದಲ್ಲೇ ಮಾಡಿ ತೋರಿಸಿದ್ದೇವೆ. 2005ರ ಜುಲೈ 27, ಬಾಂಬೆ ಹೈ. ಮಳೆಗಾಲದ ಅಲೆ. ಹಡಗಿನ ಅಡುಗೆಯವನೊಬ್ಬನ ಬೆರಳಿಗೆ ಗಾಯ. ಅವನನ್ನು ಎಣ್ಣೆ ಅಟ್ಟಕ್ಕೆ ದಾಟಿಸಬೇಕು. ಹಡಗು ಅಟ್ಟದ ಹತ್ತಿರ ಬಂತು, ಅಲೆ ದಬ್ಬಿತು, ಹಡಗಿನ ಹೆಲಿಪ್ಯಾಡು ಗ್ಯಾಸ್ ಪೈಪಿಗೆ ಬಡಿಯಿತು. ಎರಡು ತಾಸಿನಲ್ಲಿ ಅಷ್ಟು ದೊಡ್ಡ ಅಟ್ಟ ಕರಗಿಹೋಯಿತು. 384 ಜನರಲ್ಲಿ 22 ಜನ ಹೋದರು. ಕೆಲವು ದಿನಕ್ಕೆ ಹಡಗೂ ಮುಳುಗಿತು. ಅದರ ಹೆಸರು ‘ಸಮುದ್ರ ಸುರಕ್ಷಾ’. ಇದು ನನ್ನ ಕಲ್ಪನೆಯಲ್ಲ. ವಿಡಂಬನೆ ಬರೆಯುವವನಿಗೆ ಇಂಥ ಹೆಸರು ಇಡುವ ಧೈರ್ಯ ಬರುವುದಿಲ್ಲ, ಸಂಪಾದಕರು ಹೊಡೆದುಹಾಕುತ್ತಾರೆ.

ಇಷ್ಟಾದರೂ ಶರಣು ಕೋರ್ಸಿಗೆ ಸೇರಿದ. ಅವನಿಗೆ ‘ಪರ್ಮಿಟ್ ಟು ವರ್ಕ್’, ಅಂದರೆ ಕೆಲಸಕ್ಕೆ ಮುಂಚೆ ಬರೆಯುವ ಅನುಮತಿ ಕಾಗದ, ಎಂಬ ಪಾಠ ತಲೆಗೆ ಹತ್ತಿರಲಿಲ್ಲ. ಬಾಜೂ ಮನೆಯ ಲೈನ್‌ಮನ್ ಕಟ್ಟೆಯ ಮೇಲೆ ಕೂತಿದ್ದ. ಇಬ್ಬರಿಗೂ 1988ರ ಪೈಪರ್ ಆಲ್ಫಾ ಎಂಬ ಎಣ್ಣೆ ಅಟ್ಟದ ಕತೆ ಹೇಳಿದೆ. ಬ್ರಿಟನ್ನಿನ ಉತ್ತರ ಸಮುದ್ರ, ಜುಲೈ 6. ಹಗಲಿನವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ, ಪೈಪಿನ ಬಾಯಿಗೆ ಮುಚ್ಚಳ ಇಟ್ಟು, ಕಾಗದ ಬರೆದಿಟ್ಟು ಹೋದರು. ಪಂಪಿನ ಕಾಗದ ಒಂದು, ವಾಲ್ವಿನ ಕಾಗದ ಇನ್ನೊಂದು. ಪಾಳಿ ಬದಲಾಯಿತು. ರಾತ್ರಿಯವರಿಗೆ ಒಂದು ಕಾಗದ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಇದ್ದ ಪಂಪು ನಿಂತಾಗ ಬಿಚ್ಚಿಟ್ಟ ಪಂಪನ್ನೇ ಚಾಲೂ ಮಾಡಿದರು. ಮುಚ್ಚಳದಿಂದ ಗ್ಯಾಸ್ ಸೋರಿ ಬೆಂಕಿ ಹತ್ತಿತು. 167 ಜನ ಸತ್ತರು. ಅಕ್ಕಪಕ್ಕದ ಅಟ್ಟದವರು ಬೆಂಕಿ ಕಾಣುತ್ತಿದ್ದರೂ ಈ ಕಡೆಗೆ ಎಣ್ಣೆ, ಗ್ಯಾಸು ಕಳಿಸುತ್ತಲೇ ಇದ್ದರು, ಬಂದ್ ಮಾಡಲು ಮೇಲಿನವರ ಅಪ್ಪಣೆ ಬೇಕಲ್ಲ. ಒಳಗೆ ಹೆಲಿಕಾಪ್ಟರ್ ಬರುತ್ತದೆಂದು ಕಾದು ಕೂತವರು ಹೊಗೆಗೆ ಹೋದರು. ಹೇಳಿದ್ದನ್ನು ಬಿಟ್ಟು ಸಮುದ್ರಕ್ಕೆ ಹಾರಿದವರಲ್ಲಿ ಹಲವರು ಉಳಿದರು.

ಲೈನ್‌ಮನ್ ಪೂರ್ತಿ ಕೇಳಿ ಎದ್ದು ಕೂತ. ‘ಸರ, ಇದು ನಮ್ಮ ಎಲ್‌ಸಿನೇ ಅಲ್ರಿ! ನಾ ಲೈನ್ ಕ್ಲಿಯರ್ ತಗೊಂಡು ಕಂಬ ಏರೀನಿ, ಸ್ಟೇಷನ್ನಿನ್ಯಾಗ ಪಾಳಿ ಬದಲಾತು, ಹೊಸಾಂವಗ ಯಾರೂ ಹೇಳಿಲ್ಲ, ಅಂವ ಸ್ವಿಚ್ ಒತ್ತಿದ. ಮುಗೀತಲ್ಲ?’ ಆರು ತಿಂಗಳ ಡಿಪ್ಲೊಮಾ ಅರ್ಧ ನಿಮಿಷದಲ್ಲಿ ಮುಗಿಯಿತು. ಫೀ ಕೇಳಲಿಲ್ಲ, ಒಂದು ಎಲೆ ಅಡಿಕೆ ಹಾಕಿಕೊಂಡ.

ಬ್ರಿಟನ್ನಿನಲ್ಲಿ ಆಮೇಲೆ ತನಿಖೆ ಮಾಡಿದ ನ್ಯಾಯಾಧೀಶ ಲಾರ್ಡ್ ಕಲ್ಲೆನ್ 106 ಶಿಫಾರಸು ಬರೆದರು, ಕಾನೂನು ತಿರುವಿಹಾಕಿದರು. ನಮ್ಮಲ್ಲೂ ಕಾನೂನಿಗೇನು ಬರವೇ. 2008ರಲ್ಲಿ ಸಮುದ್ರದ ಎಣ್ಣೆ ಕೆಲಸಕ್ಕೆಂದೇ ಸುರಕ್ಷತಾ ನಿಯಮ ಬಂತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವೂ ಬಂತು. ಹವಾಮಾನ ಇಲಾಖೆ ದಿನಗಳ ಮುಂಚೆ ಕೂಗಿ ಹೇಳಿತ್ತು. ಆದರೂ ಬಾಂಬೆ ಹೈ ಬಳಿ ಪಿ-305 ಎಂಬ, ಎಂಜಿನ್ ಇಲ್ಲದ ಬಾರ್ಜ್, ಕೆಲಸಗಾರರನ್ನು ಇರಿಸುವ ಚಪ್ಪಟೆ ಹಡಗು, ಲಂಗರಿನ ಮೇಲೆ ನಿಂತೇ ಇತ್ತು. ಅದರಲ್ಲಿ 261 ಜನ. ವೆಲ್ಡರ್, ಪೇಂಟರ್, ಫಿಟ್ಟರ್, ಅಡುಗೆಯವ. ಲಂಗರು ಕಿತ್ತಿತು, ಅಟ್ಟವೊಂದಕ್ಕೆ ಬಡಿಯಿತು, ಮುಳುಗಿತು. ತೆಪ್ಪಗಳಿದ್ದವು. ಬಹಳಷ್ಟಕ್ಕೆ ತೂತು ಎಂದು ಬದುಕಿ ಬಂದವರೇ ಹೇಳಿದರು. ಹತ್ತಿರದಲ್ಲಿದ್ದ ಟಗ್ ದೋಣಿಯಲ್ಲಿ 13 ಜನರಿದ್ದರು, ಉಳಿದದ್ದು ಇಬ್ಬರು. ಅದರ ಹೆಸರು ‘ವರಪ್ರದಾ’. ಎರಡೂ ಸೇರಿ 86 ಹೆಣ.

ಇಲ್ಲಿ ನನಗೆ ತಮಾಷೆ ಸಾಕಾಯಿತು. ಗಾಳಿ ಬರುತ್ತದೆಂದು ಗೊತ್ತು, ಯಾವ ದಿನ ಬರುತ್ತದೆಂದು ಗೊತ್ತು, ಎಷ್ಟು ಜನ ಇದ್ದಾರೆಂದು ಗೊತ್ತು. ಕಂಟ್ರಾಕ್ಟಿನ ದಿನ ಹಾಳಾಗಬಾರದು ಅನ್ನುವುದಕ್ಕಿಂತ ದೊಡ್ಡ ಕಾರಣ ಇತ್ತೆಂದು ಯಾರಾದರೂ ನನಗೆ ನಂಬಿಸಲಿ. ತೆಪ್ಪಕ್ಕೆ ಗಾಳಿ ಊದಿ ನೋಡಲು ಯಾವ ಡಿಪ್ಲೊಮಾ ಬೇಕು? ಸೈಕಲ್ ಅಂಗಡಿಯ ಹುಡುಗ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ನೋಡುವುದಿಲ್ಲವೇ?

ಸಮುದ್ರ ಬಿಡಿ, ಅದು ದೂರ. ಶರಣುವಿನ ನೋಟ್ಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಗ್ಯಾಸಿನ ಪಾಠವಿದೆ. ಎಣ್ಣೆ ಬಾವಿಯಿಂದ ಬರುತ್ತದೆ, ಮೊದಲು ಕೊಳೆತ ತತ್ತಿಯ ವಾಸನೆ, ಹೆಚ್ಚಾದರೆ ಮೂಗೇ ಸತ್ತು ವಾಸನೆ ನಿಂತುಹೋಗುತ್ತದೆ, ಎತ್ತಲು ಇಳಿದವನೂ ಬೀಳುತ್ತಾನೆ. ಆದ್ದರಿಂದ ರಿಗ್ಗಿನಲ್ಲಿ ಎದೆಗೊಂದು ಅಳೆಯುವ ಯಂತ್ರ, ಬೆನ್ನಿಗೊಂದು ಗಾಳಿ ಸಿಲಿಂಡರ್. ಓದಿ ಮುಗಿಸಿ ಅವನು ಕೇಳಿದ, ‘ಕಾಕಾ, ಇದು ಗಟಾರದಾಗೂ ಇರ್ತದಲ್ಲ?’

ಇರುತ್ತದಪ್ಪ. 2021ರ ಜನವರಿಯಲ್ಲಿ ಇದೇ ಕಲಬುರಗಿಯಲ್ಲಿ ಮ್ಯಾನ್‌ಹೋಲಿಗೆ ಇಳಿದು ಇಬ್ಬರು ಸತ್ತರು. ಮನುಷ್ಯರನ್ನು ಹೀಗೆ ಇಳಿಸಬಾರದೆಂಬ ಕಾನೂನು 2013ರದು. ಸತ್ತರೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2023ರಲ್ಲಿ. ಎರಡು ಅಡಿ ಬಾಯಿಯ ಬಾವಿ, ನಡುರಸ್ತೆ, ಎದುರಿಗೆ ಚಹಾದಂಗಡಿ. ಇದಕ್ಕೆ ಹೆಲಿಕಾಪ್ಟರ್ ಬೇಡ, ಲೈಫ್‌ಬೋಟ್ ಬೇಡ. ಒಂದು ಯಂತ್ರ, ಒಂದು ಹಗ್ಗ, ‘ಇಳಿಬ್ಯಾಡೋ’ ಅನ್ನುವ ಒಬ್ಬ ಮನುಷ್ಯ. ಅದೂ ಇಲ್ಲ.

ಶರಣು ಕೋರ್ಸಿಗೆ ಸೇರಿದ. ಸರ್ಟಿಫಿಕೇಟೂ ಬಂತು, ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದರಲ್ಲಿ ಪರಿಣತ ಅಂತ. ಲ್ಯಾಮಿನೇಶನ್ ಮಾಡಿಸಿದ್ದಾನೆ, ನೀರಿಗೆ ಬಿದ್ದರೆ ಅದಂತೂ ತೇಲುತ್ತದೆ. ಹುಡುಗನಿಗೆ ಈಜು ಬರುವುದಿಲ್ಲ.

ಹೋದ ವಾರ ಜೇವರ್ಗಿ ಕಡೆಯ ನಮ್ಮ ಹೊಲದ ಹಳೇ ಬಾವಿಯ ಹೂಳು ತೆಗೆಸುವುದಿತ್ತು. ನಾಲ್ಕು ಆಳು ಬಂದಿದ್ದರು. ಶರಣು ಹಳದಿ ಹೆಲ್ಮೆಟ್ ಹಾಕಿಕೊಂಡು ದಂಡೆಯಲ್ಲಿ ನಿಂತಿದ್ದ, ಫೋಟೊಕ್ಕೆ. ಆಳುಗಳು ಹಗ್ಗ ಕಟ್ಟಿ ಇಳಿಯಬೇಕು, ಅಷ್ಟರಲ್ಲಿ ನಮ್ಮ ಮಾವ ‘ತಡೀರೋ’ ಎಂದರು. ಎಂಬತ್ತು ದಾಟಿದ ಜೀವ, ಹೆಬ್ಬೆಟ್ಟು. ಗುಡಿಸಲಿನಿಂದ ಕಂದೀಲು ತರಿಸಿ, ಹಚ್ಚಿ, ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟರು. ಎಲ್ಲರೂ ಬಗ್ಗಿ ನೋಡಿದೆವು. ಅರ್ಧಕ್ಕೆ ದೀಪ ಸಣ್ಣಗಾಯಿತು. ಇನ್ನೆರಡು ಮೊಳ ಬಿಟ್ಟರು, ಆರಿತು.

‘ಒಳಗ ಉಸಿರಿಲ್ಲ. ಇವತ್ತ ಬ್ಯಾಡ’ ಎಂದರು ಮಾವ.

‘ಕೂಲಿ ಹ್ಯಾಂಗ್ರಿ ಯಪ್ಪಾ?’ ಎಂದ ಒಬ್ಬ ಆಳು.

‘ಬಂದೀರಲ್ಲ, ತಗೊಂಡು ಹೋಗ್ರಿ.’

ಹತ್ತೂವರೆಗೇ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರು. ಶರಣು ಹೆಲ್ಮೆಟ್ ತೆಗೆದು ಅಂಗಾತ ಮಾಡಿ ನಡುವೆ ಇಟ್ಟ. ಅದರೊಳಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ತುಂಬಿ, ಸುತ್ತ ಕೂತು ರೊಟ್ಟಿ ಮುರಿದೆವು.